ಕಪ್ಪತಗುಡ್ಡದ ಮಗ್ಗುಲಲ್ಲಿ ಒಂದು ಮನೆ: ಬಾಡಿಗೆಯಿಂದ ಖರೇದಿಯವರೆಗೆ

ಗದಗದಿಂದ ಮುಂಡರಗಿ ರಸ್ತೆ ಹಿಡಿದರೆ ಬಲಗಡೆಗೆ ಗುಡ್ಡದ ಸಾಲು ನಿಮ್ಮ ಜೊತೆಗೇ ಬರುತ್ತದೆ. ಬೇಸಿಗೆಯಲ್ಲಿ ಕಂದು, ಮೃಗಶಿರ ಮಳೆ ಬಿದ್ದ ಎರಡೇ ವಾರಕ್ಕೆ ಹಸಿರು. ಅದೇ ಕಪ್ಪತಗುಡ್ಡ. ಅದರ ಬುಡದ ಒಂದು ಊರಿನಲ್ಲಿ ನಾವು ಮನೆ ಕೊಂಡು ಇದು ಐದನೇ ವರ್ಷ. ಅದಕ್ಕೂ ಮೊದಲು ಹದಿನಾಲ್ಕು ತಿಂಗಳು ಅದೇ ಊರಲ್ಲಿ ಬಾಡಿಗೆಗೆ ಇದ್ದೆವು. ಬೆಂಗಳೂರಿನಲ್ಲಿ ಎರಡು ಕೋಣೆಯ ಫ್ಲ್ಯಾಟಿಗೆ ಕೊಡುವ ದುಡ್ಡಿನ ಸಣ್ಣ ಪಾಲಿನಲ್ಲಿ ಇಲ್ಲಿ ಹಿತ್ತಲು, ಕಟ್ಟೆ, ಬೇವಿನ ಮರದ ಸಮೇತ ಮನೆ ಸಿಕ್ಕಿತು.

ಈಗ ವಾರಕ್ಕೊಬ್ಬರಾದರೂ ಫೋನ್ ಮಾಡಿ ಕೇಳುತ್ತಾರೆ. "ನಾವೂ ಬರಬೇಕು ಅಂತಿದೀವಿ, ಹೆಂಗೆ ಶುರು ಮಾಡೋದು?" ಎಲ್ಲರಿಗೂ ಹೇಳಿದ್ದನ್ನೇ ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ. ಒಂದು ಮಾತನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಮನೆಯ ಬೆಲೆ ದೊಡ್ಡ ವಿಷಯವೇ ಅಲ್ಲ. ಏಪ್ರಿಲ್ ತಿಂಗಳಲ್ಲಿ ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ಮನೆಯ ಕಾಗದದ ಮೇಲೆ ಯಾರ್ಯಾರ ಸಹಿ ಬೀಳಬೇಕು, ಈ ಎರಡನ್ನು ತಿಳಿದುಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ. ಎರಡೂ ಊರೊಳಗೆ ಇದ್ದವರಿಗೆ ಮಾತ್ರ ತಿಳಿಯುತ್ತವೆ.

ಮೊದಲ ಹೆಜ್ಜೆ: ಗುಡ್ಡದ ಯಾವ ಮಗ್ಗುಲು?

ಕಪ್ಪತಗುಡ್ಡ ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಬ್ಬಿದೆ. ಯಾವ ಕಡೆ ಇರುತ್ತೀರಿ ಎನ್ನುವುದರ ಮೇಲೆ ಬದುಕೇ ಬೇರೆ.

ಗದಗ ಕಡೆಯ ತುದಿಯಲ್ಲಿ ನಾಗಾವಿ, ಬಿಂಕದಕಟ್ಟಿ. ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಬಂದಿದೆ. ಪೇಟೆ ಹತ್ತಿರ, ಆಸ್ಪತ್ರೆ ಹತ್ತಿರ. ಹಾಗಾಗಿ ಪ್ಲಾಟು, ಲೇಔಟು ಅಂತ ಬೆಲೆಯೂ ಏರುತ್ತಿದೆ. ಮಕ್ಕಳು ಶಾಲೆಗೆ ಹೋಗುವ ವಯಸ್ಸಿನವರಾಗಿದ್ದರೆ ಇಲ್ಲಿಂದಲೇ ಹುಡುಕಾಟ ಶುರು ಮಾಡಿ.

ಮುಂಡರಗಿ ಕಡೆಗೆ ಡಂಬಳ, ಡೋಣಿ. ಡಂಬಳ ದೊಡ್ಡ ಊರು. ಕೆರೆ ಇದೆ, ತೋಂಟದಾರ್ಯ ಮಠ ಇದೆ, ನಕ್ಷತ್ರದಂತೆ ಮೂಲೆಮೂಲೆಯಾಗಿ ಕಡೆದ ದೊಡ್ಡಬಸಪ್ಪನ ಗುಡಿ ಇದೆ. ಆ ಗುಡಿಯ ಹತ್ತಿರ ಮನೆ ನೋಡುವವರಿಗೆ ಒಂದು ಎಚ್ಚರಿಕೆ. ಕೇಂದ್ರ ಪುರಾತತ್ವ ಇಲಾಖೆ ಕಾಪಾಡುವ ಯಾವುದೇ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ, ರಿಪೇರಿಗೂ ಅನುಮತಿ ಬೇಕು. ಅದರಾಚೆಗಿನ 200 ಮೀಟರ್‌ನಲ್ಲಿ ಏನು ಕಟ್ಟುವುದಿದ್ದರೂ ಅನುಮತಿ ಬೇಕು. ಲಕ್ಕುಂಡಿಯಲ್ಲಿ ಮನೆ ನೋಡುವವರಿಗೂ ಇದೇ ಮಾತು. "ಹಳೇ ಗೋಡೆ ಕೆಡವಿ ಎರಡು ಅಂತಸ್ತು ಎಬ್ಬಿಸಿದರಾಯ್ತು" ಎನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಶಿರಹಟ್ಟಿ ಕಡೆಗೆ ಕಡಕೋಳ, ಸೊರಟೂರು. ಇತ್ತ ಗದ್ದಲ ಕಡಿಮೆ, ಬಸ್ಸೂ ಕಡಿಮೆ. ಮನೆಯಲ್ಲೇ ಕುಳಿತು ಕೆಲಸ ಮಾಡುವವರಿಗೆ, ನಿವೃತ್ತರಿಗೆ ಹೊಂದುತ್ತದೆ. ಚಳಿಗಾಲದಲ್ಲಿ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಬೆಳಗಿನ ಹೊತ್ತು ಒಮ್ಮೆ ಹೋಗಿ ನೋಡಿ.

ಇನ್ನೊಂದು ವಿಷಯ ಎಲ್ಲ ಮಗ್ಗುಲಿಗೂ ಒಂದೇ. ಈ ಗುಡ್ಡವನ್ನು 2015ರಲ್ಲಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದ್ದನ್ನು 2016ರಲ್ಲಿ ಸರಕಾರ ಹಿಂದಕ್ಕೆ ಪಡೆಯಿತು. ಜನ ಬೀದಿಗಿಳಿದರು. ತೋಂಟದ ಸಿದ್ಧಲಿಂಗ ಸ್ವಾಮೀಜಿಯವರೂ ಹೋರಾಟಕ್ಕೆ ಬೆನ್ನಾಗಿ ನಿಂತರು. 2017ರಲ್ಲಿ ಘೋಷಣೆ ಮರಳಿ ಬಂತು. 2019ರಲ್ಲಿ 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿ ಧಾಮವಾಯಿತು. ನಾವು ಇವತ್ತು ಉಸಿರಾಡುವ ಗಾಳಿಯ ಹಿಂದೆ ಆ ಜನರ ಹಟ ಇದೆ, ಅದನ್ನು ಮರೆಯಬಾರದು. ಮನೆ ಕೊಳ್ಳುವವರಿಗೆ ಇದರಿಂದ ಏನು ಅಂದರೆ, ಊರೊಳಗಿನ ಮನೆಗೆ ತೊಂದರೆಯಿಲ್ಲ. ಆದರೆ ಗುಡ್ಡಕ್ಕೆ ಹತ್ತಿದ ಹೊಲ, ತೋಟದ ಮನೆ, ಅಂಚಿನ ಪ್ಲಾಟು ನೋಡುತ್ತಿದ್ದರೆ ಅದರ ಸರ್ವೆ ನಂಬರ್ ಹಿಡಿದುಕೊಂಡು ವಲಯ ಅರಣ್ಯ ಅಧಿಕಾರಿಯ ಕಚೇರಿಗೆ ಹೋಗಿ. ಅದು ಧಾಮದ ಗಡಿಯೊಳಗಿದೆಯೇ, ಅದರ ಸುತ್ತಲಿನ ಪರಿಸರ ಸೂಕ್ಷ್ಮ ವಲಯದಲ್ಲಿದೆಯೇ ಎಂದು ಬರಹದಲ್ಲಿ ಕೇಳಿ. ಬಾಯಿಮಾತಿಗೆ ಸಮಾಧಾನ ಪಡಬೇಡಿ.

ಅಂಚಿನಲ್ಲಿ ಇರುವುದೆಂದರೆ ಚಿರತೆ, ಕತ್ತೆಕಿರುಬ, ಕಾಡುಹಂದಿಯ ನೆರೆಯಲ್ಲಿ ಇರುವುದು. ಬೇಸಿಗೆಯಲ್ಲಿ ಗುಡ್ಡದ ಒಣ ಹುಲ್ಲಿಗೆ ಬೆಂಕಿ ಬೀಳುವುದೂ ಉಂಟು. ಹಿತ್ತಲಿಗೆ ತಾಗಿ ಮೇವಿನ ಬಣವೆ ಇರುವ ಮನೆಯಾದರೆ ನಾನಂತೂ ಹಿಂದೆ ಸರಿಯುತ್ತೇನೆ.

ಎರಡನೇ ಹೆಜ್ಜೆ: ಒಂದು ಬೇಸಿಗೆ, ಒಂದು ಆಷಾಢ ಬಾಡಿಗೆಗೆ ಇರಿ

ಈ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆಗಸ್ಟಿನಲ್ಲಿ ಬರುತ್ತಾರೆ, ಗುಡ್ಡದ ಹಸಿರು ನೋಡುತ್ತಾರೆ, ಅವತ್ತೇ ಸಂಚಕಾರ, ಅಂದರೆ ಮುಂಗಡ, ಕೊಡಲು ತಯಾರಾಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಬಾಡಿಗೆ ಮನೆಗೆ ಇಲ್ಲಿ ಬೋರ್ಡು ಹಾಕುವ ರೂಢಿಯಿಲ್ಲ. ಮೊಬೈಲಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಚಾದಂಗಡಿ, ಕಿರಾಣಿ ಅಂಗಡಿ, ಶಾಲೆಯ ಮಾಸ್ತರು, ಈ ಮೂವರಲ್ಲಿ ಕೇಳಿ. ದುಡಿಯಲು ಗೋವಾ, ಮಂಗಳೂರು, ಬೆಂಗಳೂರಿಗೆ ಹೋದವರ ಮನೆಗಳು ಕೀಲಿ ಹಾಕಿಕೊಂಡು ನಿಂತಿವೆ. "ಯಾರರ ಇದ್ರ ಮನಿ ಉಳಿತೈತ್ರೀ" ಎಂದು ಕಡಿಮೆ ಬಾಡಿಗೆಗೆ ಕೊಡುವವರು ಇದ್ದಾರೆ. ಹಳ್ಳಿಯಲ್ಲಿ ಮಾತೇ ಕರಾರು ಎನ್ನುತ್ತಾರೆ. ಆದರೂ ಹನ್ನೊಂದು ತಿಂಗಳ ಬಾಡಿಗೆ ಕರಾರು ಬರೆಸಿಕೊಳ್ಳಿ. ಅದರಿಂದ ಇಬ್ಬರಿಗೂ ನೆಮ್ಮದಿ.

ಈ ಅವಧಿಯಲ್ಲಿ ನೋಡಬೇಕಾದದ್ದು ಮೊದಲು ನೀರು. ಗದಗ ಜಿಲ್ಲೆಯಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಅಷ್ಟೇ. ಗುಡ್ಡ ಕಂಡ ಮಾತ್ರಕ್ಕೆ ಮಲೆನಾಡು ಅಂದುಕೊಳ್ಳಬೇಡಿ. ಮಾರ್ಚ್‌ನಿಂದ ಜೂನ್‌ವರೆಗೆ ನಿಮ್ಮ ಓಣಿಯ ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬಂತು, ಎಷ್ಟು ಹೊತ್ತು ಬಂತು, ಕ್ಯಾಲೆಂಡರಿನ ಮೇಲೆ ಬರೆದಿಡಿ. ಒಂದೇ ಊರಿನ ಎರಡು ಓಣಿಗಳಲ್ಲಿ ಅಜಗಜಾಂತರ ವ್ಯತ್ಯಾಸ ಇರುತ್ತದೆ. ಟಾಕಿಗೆ ಹತ್ತಿರದ ಓಣಿಗೆ ತುಂಬಿ ಬರುತ್ತದೆ, ಎತ್ತರದ ಓಣಿಗೆ ಹನಿ ಹನಿ. ನಾವು ಮನೆ ಆರಿಸಿದ್ದು ಆ ಕ್ಯಾಲೆಂಡರ್ ನೋಡಿಯೇ. ನೋಟ ಚೆನ್ನಾಗಿದ್ದ ಮೇಲಿನ ಓಣಿಯ ಮನೆ ಬಿಟ್ಟು, ಗುಡ್ಡ ಅರ್ಧವೇ ಕಾಣುವ ಕೆಳಗಿನ ಓಣಿಯ ಮನೆ ಹಿಡಿದೆವು.

ನೀರಿನ ಗುಣವೂ ಅಷ್ಟೇ ಮುಖ್ಯ. ಈ ಭಾಗದ, ಅದರಲ್ಲೂ ಮುಂಡರಗಿ ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಇಲ್ಲವೇ ಇಲ್ಲ ಎಂದಾಗ 1.5ರವರೆಗೆ ಒಪ್ಪಬಹುದು. ಅದಕ್ಕೂ ಹೆಚ್ಚಾದರೆ ಮೊದಲು ಹಲ್ಲಿಗೆ, ಆಮೇಲೆ ಮೂಳೆಗೆ ಪೆಟ್ಟು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಊರಲ್ಲೇ ಹುಟ್ಟಿ ಬೆಳೆದವರ ಹಲ್ಲಿನ ಮೇಲೆ ಕಂದು ಗೆರೆಗಳಿದ್ದರೆ ಅದೇ ಸಾಕ್ಷಿ. ಬಾಟಲಿಯಲ್ಲಿ ನೀರು ಹಿಡಿದು ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಅಡುಗೆಗೂ ಕುಡಿಯುವುದಕ್ಕೂ ಊರಿನ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ. ಆ ಘಟಕ ಕೆಟ್ಟರೆ ಎಷ್ಟು ದಿನಕ್ಕೆ ರಿಪೇರಿ ಆಗುತ್ತದೆ ಎಂಬುದನ್ನೂ ಗಮನಿಸಿ.

ಆಮೇಲೆ ಗಾಳಿ. ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ನೆಟ್ಟಿದ್ದು ಸುಮ್ನೆ ಅಲ್ಲ. ಆಷಾಢದಲ್ಲಿ ಬೀಸುವ ಗಾಳಿಗೆ ತಗಡು ಹಾರುತ್ತದೆ, ಲೈನು ಕಡಿದು ಕರೆಂಟು ಹೋಗುತ್ತದೆ, ಮಣ್ಣು ಅಡುಗೆಮನೆಯವರೆಗೆ ಬರುತ್ತದೆ. ಪಶ್ಚಿಮಕ್ಕೆ ಬಾಗಿಲಿರುವ ಮನೆಯ ಪಾಡು ಏನು ಎಂದು ಆಗ ಗೊತ್ತಾಗುತ್ತದೆ. ಗಾಳಿಯಂತ್ರದ ಸದ್ದು ಕೆಲವರಿಗೆ ಜೋಗುಳ, ಕೆಲವರಿಗೆ ನಿದ್ದೆಗೇಡು. ರಾತ್ರಿ ಕಳೆದೇ ನೋಡಬೇಕು.

ಒಂದು ರಾತ್ರಿ ಆಸ್ಪತ್ರೆಗೆ ಹೋಗುವ ದಾರಿಯನ್ನೂ ಓಡಿಸಿ ನೋಡಿ. ಗದಗದ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಲ್ಲಸಮುದ್ರದ ಹತ್ತಿರ ಇದೆ. ಇನ್ನೂ ದೊಡ್ಡದು ಬೇಕಾದರೆ ಹುಬ್ಬಳ್ಳಿ, ಅದು ಗದಗದಿಂದ ಮುಂದೆ ಇನ್ನೂ 60 ಕಿಲೋಮೀಟರ್. ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ಊರು ಆರಿಸುವಾಗ ಈ ಲೆಕ್ಕವೇ ಮೊದಲು.

ಮೂರನೇ ಹೆಜ್ಜೆ: ಮನೆಯ ಮೈ ತಡವಿ ನೋಡುವುದು

ಇಲ್ಲಿ ಎರಡು ಬಗೆಯ ಮನೆಗಳು ಸಿಗುತ್ತವೆ. ಹಳೆಯ ಮಣ್ಣಿನ ಮಾಳಿಗೆಯವು, ಅಂದರೆ ಮಣ್ಣಿನ ಛಾವಣಿಯವು, ಮತ್ತು ಈಚಿನ ಆರ್‌ಸಿಸಿ, ಅಂದರೆ ಕಾಂಕ್ರೀಟಿನ ಮನೆಗಳು.

ಮಾಳಿಗೆ ಮನೆಯ ಮೇಲೆ ನನಗೆ ಪ್ರೀತಿ ಜಾಸ್ತಿ. ಎರಡು ಮೂರು ಅಡಿ ದಪ್ಪದ ಕಲ್ಲು ಮಣ್ಣಿನ ಗೋಡೆ, ಕಟ್ಟಿಗೆಯ ಕಂಬ, ತೊಲೆ, ಜಂತಿ, ಮೇಲೆ ಮಣ್ಣು. ಮೇ ತಿಂಗಳ ಮಧ್ಯಾಹ್ನವೂ ಪಡಸಾಲೆಯಲ್ಲಿ ಫ್ಯಾನಿಲ್ಲದೆ ಮಲಗಬಹುದು. ಆದರೆ ಆ ಮನೆಗೆ ವರ್ಷವರ್ಷ ಆರೈಕೆ ಬೇಕು. ಮಳೆಗಾಲಕ್ಕೆ ಮುಂಚೆ ಮಾಳಿಗೆ ಹತ್ತಿ, ಹುಲ್ಲು ಕಿತ್ತು, ಸವಳು ಮಣ್ಣು, ಅಂದರೆ ಉಪ್ಪಿನಂಶದ ಮಣ್ಣು ಹಾಕಿ ತುಳಿಯಬೇಕು. ಎರಡು ವರ್ಷ ಯಾರೂ ಹತ್ತದ ಮಾಳಿಗೆ ಉತ್ತರಾ, ಹಸ್ತ ಮಳೆಗೆ ಸೋರುತ್ತದೆ. ಈ ಭಾಗದಲ್ಲಿ ಜೋರು ಮಳೆ ಬರುವುದು ಆಗಲೇ, ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅದಕ್ಕೇ ಮನೆ ನೋಡಲು ಒಳ್ಳೆಯ ದಿನ ಯಾವುದು ಎಂದರೆ ರಾತ್ರಿಯಿಡೀ ಮಳೆ ಸುರಿದ ಮಾರನೇ ಬೆಳಗು.

ಬಡಗಿ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗದಲ್ಲಿ ಕಬ್ಬಿಣದ ಸಲಾಕೆಯಿಂದ ಬಡಿದು ನೋಡಲಿ. ಗೆದ್ದಲು ತಿಂದ ತೊಲೆ ಟೊಳ್ಳು ಸದ್ದು ಕೊಡುತ್ತದೆ. ಕಂಬ ಗಟ್ಟಿ ಕಂಡರೂ ಹೂತ ಬುಡ ಕರಗಿರಬಹುದು.

ಪಡಸಾಲೆಯಲ್ಲಿ ಅಥವಾ ಮನೆಯ ಮುಂದೆ ಹಗೇವು ಇದೆಯೇ ಎಂದು ಹಿರಿಯರನ್ನು ಕೇಳಿ. ಜೋಳ ತುಂಬಿಡಲು ನೆಲದಲ್ಲಿ ತೋಡಿದ ಆಳದ ಕುಣಿ ಅದು. ಈಗ ಯಾರೂ ಬಳಸುವುದಿಲ್ಲ. ಬಾಯಿಗೆ ಕಲ್ಲು ಮುಚ್ಚಿ ಮೇಲೆ ನೆಲಹಾಸಿನ ಫರಸಿ ಹಾಕಿರುತ್ತಾರೆ. ಮೊಮ್ಮಕ್ಕಳಿಗೆ ಅದು ಇದ್ದದ್ದೇ ಗೊತ್ತಿರುವುದಿಲ್ಲ. ನಮ್ಮ ಮನೆಯಲ್ಲೂ ಒಂದಿತ್ತು. ಪಕ್ಕದ ಮನೆಯ ಅಜ್ಜಿ ಹೇಳದಿದ್ದರೆ ಅದರ ಮೇಲೆಯೇ ನೀರಿನ ಟಾಕಿ ಇಡುತ್ತಿದ್ದೆವು. ಗರಸು, ಅಂದರೆ ಜಲ್ಲಿಯಂಥ ಗಟ್ಟಿ ಮಣ್ಣು ತುಂಬಿ, ಪದರ ಪದರವಾಗಿ ಬಡಿದು ಮುಚ್ಚಿಸಿದೆವು.

ಗೋಡೆ ಯಾರದು ಎಂಬುದನ್ನೂ ಕೇಳಬೇಕು. ಹಳೆಯ ಓಣಿಗಳಲ್ಲಿ ಎರಡು ಮನೆಗೆ ಒಂದೇ ನಡುಗೋಡೆ. ನೀವು ನಿಮ್ಮ ಕಡೆ ಕೆಡವಿದರೆ ಪಕ್ಕದವರ ಜಂತಿ ಬೀಳುತ್ತದೆ.

ಆರ್‌ಸಿಸಿ ಮನೆಯಾದರೆ ಕಣ್ಣು ನೆಲದ ಮೇಲಿರಲಿ. ಗುಡ್ಡದ ಬುಡದಲ್ಲಿ ಕೆಂಪು ಮಸಾರಿ ಮಣ್ಣು, ಸ್ವಲ್ಪ ದೂರ ಬಂದರೆ ಕಪ್ಪು ಎರೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಪಾಯ ಎರೆಯಲ್ಲೇ ನಿಂತಿದ್ದರೆ ಮನೆಯೂ ಅದರ ಜೊತೆ ಏರಿಳಿಯುತ್ತದೆ. ಕಿಟಕಿಯ ಮೂಲೆಯಿಂದ ಮೆಟ್ಟಿಲಿನಂತೆ ಇಳಿಯುವ ಬಿರುಕು, ಮಳೆಗಾಲದಲ್ಲಿ ಮಾತ್ರ ಬಿಗಿಯಾಗುವ ಬಾಗಿಲು, ನಡುವೆ ಎದ್ದ ಫರಸಿ ಕಂಡರೆ ಹೊಸ ಬಣ್ಣಕ್ಕೆ ಮರುಳಾಗಬೇಡಿ. ಎರೆಯನ್ನು ಪೂರ್ತಿ ಅಗೆದು ಗಟ್ಟಿ ಗರಸಿನವರೆಗೆ ಪಾಯ ಇಳಿಸಿದ್ದಾರೆಯೇ ಎಂದು ಕಟ್ಟಿದ ಗೌಂಡಿಯನ್ನೇ ಹುಡುಕಿ ಕೇಳಿ. ಹಳ್ಳಿಯಲ್ಲಿ ಗೌಂಡಿ ಯಾರು ಅಂತ ಎಲ್ಲರಿಗೂ ಗೊತ್ತಿರುತ್ತದೆ.

ಗುಡ್ಡದಿಂದ ಇಳಿಯುವ ಹಳ್ಳಗಳು ವರ್ಷದಲ್ಲಿ ಹನ್ನೊಂದು ತಿಂಗಳು ಒಣಗಿರುತ್ತವೆ. ಇನ್ನೊಂದು ತಿಂಗಳಲ್ಲಿ ಒಂದೇ ರಾತ್ರಿ ತುಂಬಿ ಬರುತ್ತವೆ. ಹಳ್ಳದ ದಂಡೆಯ ಅಗ್ಗದ ಪ್ಲಾಟು ನನಗಂತೂ ಬೇಡ.

ನಾಲ್ಕನೇ ಹೆಜ್ಜೆ: ಉತಾರ, ವಾಟ್ನಿ, ಸಹಿ

ನನ್ನ ತಪ್ಪನ್ನೇ ಮೊದಲು ಹೇಳುತ್ತೇನೆ. ಈಗಿನ ಮನೆಗಿಂತ ಮೊದಲು ಇನ್ನೊಂದು ಮನೆ ಮನಸ್ಸಿಗೆ ಬಂದಿತ್ತು. ಮನೆ ಉತಾರ, ಅಂದರೆ ಆಸ್ತಿಯ ದಾಖಲೆ, ಅಣ್ಣತಮ್ಮಂದಿರಿಬ್ಬರ ಹೆಸರಿನಲ್ಲಿತ್ತು. ಇಬ್ಬರೂ ಒಪ್ಪಿದರು. 50 ಸಾವಿರ ರೂಪಾಯಿ ಸಂಚಕಾರ ಕೊಟ್ಟೆವು. ಖರೇದಿಗೆ ವಾರ ಇರುವಾಗ ಬೇರೆ ಜಿಲ್ಲೆಗೆ ಕೊಟ್ಟಿದ್ದ ತಂಗಿ ಬಂದರು. "ನನ್ನನ್ನ ಯಾರೂ ಕೇಳೇ ಇಲ್ಲಲ್ರೀ" ಅಂದರು. ಅವರ ಮಾತು ನೂರಕ್ಕೆ ನೂರು ಸರಿ ಇತ್ತು. ತಂದೆ ತೀರಿಕೊಂಡ ಮೇಲೆ ವಾರಸಾ, ಅಂದರೆ ವಾರಸುದಾರರ ಹೆಸರಿಗೆ ದಾಖಲೆ, ಮಾಡಿಸುವಾಗ ಗಂಡುಮಕ್ಕಳ ಹೆಸರು ಮಾತ್ರ ಹಾಕಿಸಿದ್ದರು. ವ್ಯವಹಾರ ಮುರಿಯಿತು. ಸಂಚಕಾರ ವಾಪಸ್ ಬರಲು ಏಳು ತಿಂಗಳು ಹಿಡಿಯಿತು.

ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆಯಿತು. ತಂದೆ 2005ಕ್ಕಿಂತ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಉಳಿಯುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. 2004ರ ಡಿಸೆಂಬರ್ 20ಕ್ಕೂ ಮೊದಲೇ ನೋಂದಣಿಯಾದ ವಾಟ್ನಿ, ಅಂದರೆ ಆಸ್ತಿ ವಿಭಾಗ, ಇದ್ದರೆ ಆ ಮಾತು ಬೇರೆ. ಹೀಗಾಗಿ ಗ್ರಾಮ ಆಡಳಿತ ಅಧಿಕಾರಿ, ಅಂದರೆ ಜನ ಈಗಲೂ ತಲಾಟಿ ಎನ್ನುವವರು ಕೊಡುವ ವಂಶಾವಳಿ ಮೊದಲು ಕೈಗೆ ಬರಲಿ. ಅದರಲ್ಲಿರುವ ಅಕ್ಕತಂಗಿಯರು, ತೀರಿಕೊಂಡವರ ಹೆಂಡತಿ ಮಕ್ಕಳು ಎಲ್ಲರೂ ಖರೇದಿ ಪತ್ರಕ್ಕೆ ಸಹಿ ಮಾಡಬೇಕು. ಹದಿನೆಂಟು ತುಂಬದ ಮಕ್ಕಳ ಪಾಲಿದ್ದರೆ ಕೋರ್ಟಿನ ಅನುಮತಿ ಬೇಕಾಗಬಹುದು, ವಕೀಲರನ್ನು ಕೇಳದೆ ಮುಂದೆ ಹೋಗಬೇಡಿ. "ಅಕ್ಕಗ ನಾವು ಹೇಳ್ತೀವಿ ಬಿಡ್ರಿ" ಅಂದರೆ, "ನಾವೇ ಬಂದು ಅಕ್ಕಾರನ್ನ ಭೆಟ್ಟಿ ಆಗ್ತೀವ್ರೀ" ಅನ್ನಿ. ಎರಡನೇ ಸಲ ನಾವು ಹಾಗೇ ಮಾಡಿದೆವು. ಮಾರುವವರ ಮೂವರು ಅಕ್ಕಂದಿರ ಮನೆಗೂ ಹೋಗಿ ಚಹಾ ಕುಡಿದು ಮಾತಾಡಿ ಬಂದೆವು. ಅವರ ಪಾಲಿನ ದುಡ್ಡನ್ನು ನೇರ ಅವರವರ ಖಾತೆಗೇ ಹಾಕಿದೆವು.

ಇನ್ನು ಉಳಿದ ಕಾಗದ. ಗ್ರಾಮಠಾಣದ, ಅಂದರೆ ಊರಿನ ವಸತಿ ಜಾಗದ ಒಳಗಿನ ಮನೆಗೆ ಪಂಚಾಯತಿಯಿಂದ ಇ-ಸ್ವತ್ತು ಎಂಬ ಗಣಕೀಕೃತ ಆಸ್ತಿ ದಾಖಲೆಯ ನಮೂನೆ 9 ಮತ್ತು 11ಎ ಬೇಕು. ಕೈಬರಹದ ಹಳೆಯ ಉತಾರಕ್ಕೆ ಖರೇದಿ ಆಗುವುದಿಲ್ಲ. 11ಬಿ ಎಂದು ಬರೆದಿದ್ದರೆ ಅಲ್ಲಿ ಏನೋ ಕೊರತೆ ಇದೆ ಎಂದರ್ಥ. ಹೊಲ ಎನ್‌ಎ, ಅಂದರೆ ಕೃಷಿಯೇತರ, ಆಗದೆಯೋ ಲೇಔಟಿಗೆ ಒಪ್ಪಿಗೆ ಸಿಗದೆಯೋ ಮನೆ ಎದ್ದಿರುತ್ತದೆ. ಬ್ಯಾಂಕುಗಳು ಅಂಥದ್ದಕ್ಕೆ ಸಾಲ ಕೊಡಲು ಹಿಂದೆ ಮುಂದೆ ನೋಡುತ್ತವೆ. ಡ್ರೋನ್ ಹಾರಿಸಿ ಅಳೆದ ಸ್ವಾಮಿತ್ವ ಯೋಜನೆಯ ಕಾರ್ಡು ಆ ಊರಿಗೆ ಬಂದಿದ್ದರೆ ಅದನ್ನೂ ತೆಗೆಸಿ, ಅಳತೆ ತಾಳೆ ನೋಡಿ. ಗದಗ, ಬೆಟಗೇರಿಯ ಹಳೆಯ ಓಣಿಗಳಲ್ಲಾದರೆ ಸಿಟಿ ಸರ್ವೆ ಉತಾರ ನೋಡಬೇಕು.

ಅಳತೆಯ ವಿಷಯದಲ್ಲಿ ಹಿತ್ತಲ ಮೇಲೆ ಕಣ್ಣಿಡಿ. ತೋರಿಸುವಾಗ ಹಿತ್ತಲು, ದನದ ಕೊಟ್ಟಿಗೆ, ತಿಪ್ಪೆ ಎಲ್ಲ ಸೇರಿಸಿಯೇ ತೋರಿಸುತ್ತಾರೆ. ಉತಾರದಲ್ಲಿ ಮನೆಯ ಅಳತೆ ಮಾತ್ರ ಇರುತ್ತದೆ. ಹಿಂದಿನ ಜಾಗ ದನ ಮೇಯಲು ಬಿಟ್ಟ ಗಾಯರಾಣವೋ ಪಂಚಾಯತಿಯದೋ ಆಗಿರಬಹುದು. ಟೇಪು ಹಿಡಿದು ನೀವೇ ಅಳೆದು, ನಾಲ್ಕೂ ಕಡೆಯ ಚಕ್‌ಬಂದಿಯನ್ನು, ಅಂದರೆ ಗಡಿ ವಿವರವನ್ನು, ಅಕ್ಕಪಕ್ಕದವರ ಎದುರಿಗೇ ಓದಿಸಿ. ಜಗಳ ಇದ್ದರೆ ಅಲ್ಲೇ ಹೊರಬೀಳುತ್ತದೆ.

ಋಣಭಾರ ಪತ್ರ, ಅಂದರೆ ಇಸಿ, ಕನಿಷ್ಠ 30 ವರ್ಷದ್ದು ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 2004ರಿಂದ ಈಚಿನದು ಸಿಗುತ್ತದೆ. ಹಿಂದಿನದನ್ನು ಉಪನೋಂದಣಿ ಕಚೇರಿಯಲ್ಲೇ ಹುಡುಕಿಸಬೇಕು. ಆದರೆ ನೋಂದಣಿಯಾದ ವ್ಯವಹಾರ ಮಾತ್ರ ಇಸಿಯಲ್ಲಿ ಕಾಣುತ್ತದೆ. ಬಾಯಿಮಾತಿನ ವಾಟ್ನಿ, ಕೈಸಾಲಕ್ಕೆ ಬರೆದುಕೊಟ್ಟ ಬಾಂಡು ಕಾಣುವುದಿಲ್ಲ. ಸೊಸೈಟಿಯ ಸಾಲವನ್ನೂ ಬೇರೆಯಾಗಿ ವಿಚಾರಿಸಿ. 1905ರಲ್ಲೇ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದ ಜಿಲ್ಲೆ ಇದು, ಸೊಸೈಟಿ ಇಲ್ಲದ ಊರಿಲ್ಲ. ಆ ಊರಿನ ಸೊಸೈಟಿಯಿಂದ ಬಾಕಿ ಇಲ್ಲ ಎಂಬ ಪತ್ರ ತಂದುಕೊಡಲು ಮಾರುವವರಿಗೆ ಹೇಳಿ. ಹೊಲವನ್ನೂ ಕೊಳ್ಳುತ್ತಿದ್ದರೆ ಪಹಣಿಯ ಮೇಲೆ ಬೋಜಾ, ಅಂದರೆ ಸಾಲದ ನಮೂದು, ಇದೆಯೇ ನೋಡಿ.

ಆಶ್ರಯ ಯೋಜನೆಯಂಥ ಸರಕಾರಿ ಮನೆಗಳ ಹಕ್ಕುಪತ್ರದಲ್ಲಿ ಮಾರಬಾರದೆಂಬ ಷರತ್ತು ಇರುತ್ತದೆ, ಓದದೆ ಮಾತು ಕೊಡಬೇಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಭೂಮಿಯನ್ನು ಸರಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಕಾಯ್ದೆಯಂತೆ ಆ ಖರೇದಿಯೇ ನಿಲ್ಲುವುದಿಲ್ಲ. ಅದು ಅವರ ಬದುಕಿನ ಆಸರೆ, ಅದರ ಮೇಲೆ ಆಸೆ ಪಡುವುದೇ ಬೇಡ.

ಬೇರೆ ಕಡೆಯಿಂದ ಬರುವವರು ಒಂದು ಪ್ರಶ್ನೆ ಕೇಳುತ್ತಾರೆ, ರೈತರಲ್ಲದವರು ಹೊಲ ಕೊಳ್ಳಬಹುದೇ ಅಂತ. 2020ರ ತಿದ್ದುಪಡಿಯ ನಂತರ ಕೊಳ್ಳಬಹುದು. ಆದರೆ ಮೊದಲ ವರ್ಷವೇ ಹೊಲಕ್ಕೆ ಕೈ ಹಾಕಬೇಡಿ ಎಂದು ನನ್ನ ಸಲಹೆ.

ಕೊನೆಯದಾಗಿ, ಮಾರುವವರ ಪರಿಚಯದವರಲ್ಲದ ವಕೀಲರೊಬ್ಬರಿಂದ ಕಾಗದ ಓದಿಸಿ. ಅವರ ಮೂಲಕವೇ ಜಿಲ್ಲೆಯಲ್ಲಿ ಓಡಾಡುವ ದಿನಪತ್ರಿಕೆಯಲ್ಲಿ ಯಾರದಾದರೂ ತಕರಾರಿದೆಯೇ ಎಂದು ಕೇಳುವ ಜಾಹೀರು ಪ್ರಕಟಣೆ ಕೊಡಿಸಿ.

ಐದನೇ ಹೆಜ್ಜೆ: ದುಡ್ಡಿನ ಲೆಕ್ಕ

20 ಲಕ್ಷದ ಮನೆ ಎಂದು ಹಿಡಿಯೋಣ. ಮುದ್ರಾಂಕ ಶುಲ್ಕ ನೂರಕ್ಕೆ 5, ಅಂದರೆ 1 ಲಕ್ಷ. ಆ ಲಕ್ಷದ ಮೇಲೆ ಸೆಸ್ ನೂರಕ್ಕೆ 10, ಅಂದರೆ 10 ಸಾವಿರ. ಹಳ್ಳಿಯಲ್ಲಿ ಮೇಲುಶುಲ್ಕ ನೂರಕ್ಕೆ 3, ಅಂದರೆ 3 ಸಾವಿರ. ಪಟ್ಟಣವಾದರೆ ಇದು 2 ಸಾವಿರ. ಮನೆಯ ಪೂರ್ತಿ ಬೆಲೆಯ ಮೇಲಿನ ನೋಂದಣಿ ಶುಲ್ಕ ನಾವು ಕೊಂಡಾಗ ನೂರಕ್ಕೆ 1 ಇತ್ತು, 2025ರ ಆಗಸ್ಟ್ ಕೊನೆಯಿಂದ 2 ಆಗಿದೆ, ಅಂದರೆ 40 ಸಾವಿರ. ಒಟ್ಟು 1 ಲಕ್ಷ 53 ಸಾವಿರ. ಸರಕಾರದ ಮಾರ್ಗಸೂಚಿ ಬೆಲೆ ನಿಮ್ಮ ಬೆಲೆಗಿಂತ ಹೆಚ್ಚಿದ್ದರೆ ಆ ಹೆಚ್ಚಿನದರ ಮೇಲೆಯೇ ಲೆಕ್ಕ.

"ಅರ್ಧ ಕಾಗದದ ಮೇಲೆ, ಅರ್ಧ ಕೈಮೇಲೆ" ಎನ್ನುವ ಮಾತು ಬಂದೇ ಬರುತ್ತದೆ. ಒಪ್ಪಬೇಡಿ. ಮನೆ ವ್ಯವಹಾರದಲ್ಲಿ 20 ಸಾವಿರ ಅಥವಾ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ವ್ಯವಹಾರ ಮುರಿದರೆ ಕೈಮೇಲೆ ಕೊಟ್ಟದ್ದಕ್ಕೆ ಸಾಕ್ಷಿಯೂ ಇರುವುದಿಲ್ಲ. ನಾವು ಕೊಟ್ಟಿದ್ದ ಆ 50 ಸಾವಿರ ತಡವಾದರೂ ಮರಳಿದ್ದು ಬ್ಯಾಂಕಿನ ಮೂಲಕ ಕೊಟ್ಟದ್ದರಿಂದಲೇ. ಸಂಚಕಾರ ಪತ್ರದಲ್ಲಿ ಖರೇದಿಯ ದಿನಾಂಕ, ಮುರಿದರೆ ಎಷ್ಟು ದಿನದಲ್ಲಿ ವಾಪಸ್ ಎಂಬುದು ಬರೆದಿರಲಿ.

ಮಾಳಿಗೆ ಮನೆಗೆ ಬ್ಯಾಂಕಿನವರು ಬೆಲೆ ಕಟ್ಟುವುದು ಕಡಿಮೆ. ಸಾಲ ನಂಬಿಕೊಂಡು ಮಾತು ಕೊಡಬೇಡಿ, ಮೊದಲು ಅವರನ್ನು ಕರೆತಂದು ತೋರಿಸಿ. ರಿಪೇರಿಗೆ ಮನೆಯ ಬೆಲೆಯ ಮೂರನೇ ಒಂದು ಪಾಲಾದರೂ ಎತ್ತಿಡಿ. ಬಚ್ಚಲು, ಪಾಯಖಾನೆ, ವೈರಿಂಗ್, ಮಾಳಿಗೆ, ಈ ನಾಲ್ಕೇ ಆ ದುಡ್ಡನ್ನು ನುಂಗುತ್ತವೆ.

ಆರನೇ ಹೆಜ್ಜೆ: ಖರೇದಿಯ ದಿನ, ಅದರ ಮರುದಿನ

ಕಾವೇರಿ ಜಾಲತಾಣದಲ್ಲಿ ಮೊದಲೇ ಕಾಗದ ಏರಿಸಿ, ಶುಲ್ಕ ಕಟ್ಟಿ, ದಿನ ಗೊತ್ತುಮಾಡಿಕೊಂಡರೆ ಕಚೇರಿಯಲ್ಲಿ ಫೋಟೊ, ಹೆಬ್ಬೆಟ್ಟು, ಸಹಿ ಅಷ್ಟೇ. ಸಾಕ್ಷಿಗೆ ಇಬ್ಬರು ಬೇಕು. ಅವರಲ್ಲಿ ಒಬ್ಬರು ಅದೇ ಓಣಿಯವರಾಗಿದ್ದರೆ ಒಳ್ಳೆಯದು. ಎಲ್ಲ ಅಕ್ಕಂದಿರೂ ಬರುವ ದಿನ ನೋಡಿ ಇಟ್ಟುಕೊಳ್ಳಿ. ಸುಗ್ಗಿಯ ಸಮಯ ಬೇಡ, ಯಾರಿಗೂ ಪುರುಸೊತ್ತಿರುವುದಿಲ್ಲ.

ಆಮೇಲೆ ಪಂಚಾಯತಿಯಲ್ಲಿ ಉತಾರ ನಿಮ್ಮ ಹೆಸರಿಗೆ ಆಗುವವರೆಗೆ ಬೆನ್ನು ಬಿಡಬೇಡಿ. ಹೆಸ್ಕಾಂನ ಕರೆಂಟು ಮೀಟರು, ನಲ್ಲಿ, ಮನೆ ಕರ, ಮೂರನ್ನೂ ಹೆಸರಿಗೆ ಮಾಡಿಸಿಕೊಳ್ಳಿ.

ಮೊದಲ ದುಡ್ಡು ನೀರಿಗೆ ಹಾಕಿ. 1000 ಚದರಡಿ ಛಾವಣಿಯ ಮೇಲೆ 600 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 55 ಸಾವಿರ ಲೀಟರ್. ಸೋರಿ ಚೆಲ್ಲಿ ಹೋದರೂ 40 ಸಾವಿರ ಹಿಡಿಯಬಹುದು. ಮಳೆನೀರಲ್ಲಿ ಫ್ಲೋರೈಡ್ ಇಲ್ಲ. ಮಣ್ಣಿನ ಮಾಳಿಗೆಯ ನೀರು ಕೆಸರಾಗುತ್ತದೆ, ಹಾಗಾಗಿ ನಾವು ಹಿಂದಿನ ಪಡಸಾಲೆಗೆ ತಗಡು ಹಾಕಿಸಿ ಅಲ್ಲಿಂದ ಹಿಡಿಯುತ್ತೇವೆ.

ಮನೆಯ ಮುಂದಿನ ಕಟ್ಟೆ ಒಡೆಯಬೇಡಿ. ಕಂಪೌಂಡು ಎಬ್ಬಿಸುವ ಆತುರವೂ ಬೇಡ. ಆ ಕಟ್ಟೆಯ ಮೇಲೆ ಸಂಜೆ ಕೂರುವ ಯಜಮಾನರು, ಅಕ್ಕಂದಿರು ನಿಮಗಿಂತ ಮೊದಲಿನಿಂದ ಅಲ್ಲಿ ಕೂರುತ್ತಿದ್ದಾರೆ. ನಮಗೆ ಹಗೇವಿನ ವಿಷಯ ತಿಳಿದದ್ದು, ಯಾವ ಬಡಗಿ ಒಳ್ಳೆಯವರು ಎಂದು ಗೊತ್ತಾದದ್ದು, ಮಾಳಿಗೆಗೆ ಸವಳು ಮಣ್ಣು ಎಲ್ಲಿ ಸಿಗುತ್ತದೆ ಎಂದು ಕೇಳಿದ್ದು ಅಲ್ಲಿಯೇ. ಸೀಗಿಹುಣ್ಣಿಮೆಗೆ ಚರಗ, ಅಂದರೆ ಬೆಳೆಗೆ ನೈವೇದ್ಯ ಚೆಲ್ಲಲು ಹೊಲಕ್ಕೆ ಕರೆದರೆ ಕೆಲಸ ಬಿಟ್ಟು ಹೋಗಿ. ಹೋಳಿಗೆ, ಕಡುಬು, ಎಣ್ಣೆಗಾಯಿ ಬುತ್ತಿ ಬಿಚ್ಚಿ ಕೂತಾಗ ನಿಮ್ಮನ್ನು ಯಾವ ಮನೆಯವರು ಎಂದು ಪರಿಚಯ ಮಾಡಿಸುತ್ತಾರೆ. ನಮ್ಮನ್ನು ಮೊದಲ ವರ್ಷ "ಬೆಂಗಳೂರಿನವ್ರು" ಅಂದರು. ಹೋದ ವರ್ಷ "ನಮ್ಮ ಕೆಳಗಿನ ಓಣಿಯವ್ರು" ಅಂದರು.

ಸಾಮಾನು ತರುವುದಿದ್ದರೆ ಭರಣಿ ಮಳೆಗೂ ಮುಂಚೆ, ಅಂದರೆ ಏಪ್ರಿಲ್ ಕೊನೆಯೊಳಗೆ ತನ್ನಿ. ಮೇ ಕೊನೆಗೆ ರೋಹಿಣಿ ಮಳೆ ಹಿಡಿಯುವ ಹೊತ್ತಿಗೆ ಮಾಳಿಗೆಯ ಕೆಲಸ ಮುಗಿದಿರಬೇಕು. ಆಮೇಲೆ ಮಣ್ಣು ಹಸಿಯಾಗುತ್ತದೆ, ಆಳುಗಳು ಬಿತ್ತನೆಗೆ ಹೋಗುತ್ತಾರೆ, ಯಾರೂ ಸಿಗುವುದಿಲ್ಲ.